ನೆತ್ತಿಯ ಎಣ್ಣೆ

"ಎಷ್ಟ್ ಉಜ್ಜಿದ್ರೂ ಕುರ್ಚಿ ಬೆಳ್ಗಾಗ್ತದೆ ಹೊರ್ತು ನೀನಾಗಾಕಿಲ್ಲ ಕಣೇ, ಇಟಲಿ ಸೂಳೆ" ಎಂದಳು ಚರ್ಚಿನ ಬಾಗಿಲು ಕಾಯುವ ಪೇಷನ್ಸ್.

"ಕಾಲೆತ್ತಕ್ಕ, ನೆಲ ಒರುಸ್ಬೇಕು" ಎಂದೆ. ಇಟಲಿಯಿಂದ ನಮ್ಮೂರು ಬೆನಿನ್ ಸಿಟಿಗೆ ವಾಪಸ್ಸು ಬಂದ ಮೇಲೆ ದೇವರ ಮನೆಯಲ್ಲಿ ನನಗೆ ಸಿಕ್ಕ ಕೆಲಸ ಇದೊಂದೇ.

ಪಾಸ್ಟರ್ ಐಗ್ಬೆ ಬಂದು ನಿಂತರು. "ಇವತ್ತು ನೀನೂ ಸಾಕ್ಷಿ ಹೇಳು ಇಸೋಕೆನ್. ಯೇಸು ನನ್ನ ಮನೆ ಸೇರ್ಸಿದ ಅನ್ನು, ಕೂತ್ಕೋ. ಅಷ್ಟೇಯ."

"ಮನೆ ಬಿಡ್ಸಿದ್ದು ಯಾರು ಅಂತ ಹೇಳ್ಬ್ಯಾಡ್ವಾ ಅಯ್ನೋರೆ?"

"ಅದ್ನ ಪೊಲೀಸ್ ಟೇಸನ್ನಾಗೆ ಹೇಳ್ಕೋ. ಇದು ಪ್ರಾರ್ಥನೆ ಜಾಗ."

"ನನ್ ತಲೆಗೆ ಎಣ್ಣೆ ಹಚ್ಚಿದ್ದು ಪೊಲೀಸ್ರಲ್ಲ."

ಅವರಿಗೆ ಕೇಳಿಸಲೇ ಇಲ್ಲವೇನೋ. "ಮೊದ್ಲು ಎಕಿನ ಕಳ್ಸಿಕೊಡೋ ಪ್ರಾರ್ಥನೆ ಐತೆ. ಮಮ್ಮಿ ಒಮೊಯೆ ತಾಯಾಗಿ ನಿಲ್ತಾರೆ. ಆಮ್ಯಾಕೆ ನಿಂದು."

ನನ್ನ ಕೈ ನಿಂತುಹೋಯಿತು. ಎಕಿ ನಮ್ಮ ಬೀದಿಯಲ್ಲಿ ಜೋಳ ಸುಟ್ಟು ಮಾರುವವಳ ಮಗಳು. ಇನ್ನೂ ಮೀಸೆ ಬರದ ಹುಡುಗರ ಜೊತೆ ಫುಟ್ಬಾಲ್ ಆಡುತ್ತಾಳೆ.

ನಮ್ಮ ಚರ್ಚಿನಲ್ಲಿ ಹೊರದೇಶಕ್ಕೆ ಹೊರಟ ಹುಡುಗಿಗೆ ಬಿಳಿ ಬಟ್ಟೆ ಉಡಿಸಿ ಮಂಡಿಯೂರಿಸುತ್ತಾರೆ. ಸಭೆಯ ದೊಡ್ಡ ಹೆಂಗಸೊಬ್ಬಳು 'ದಾರಿಯ ತಾಯಿ'ಯಾಗಿ ಬೆನ್ನ ಹಿಂದೆ ನಿಲ್ಲುತ್ತಾಳೆ. ಪಾಸ್ಟರು ನೆತ್ತಿಗೆ ಎಣ್ಣೆ ಹಚ್ಚಿ, ಆ ತಾಯಿಯ ಮಾತು ಮೀರುವುದಿಲ್ಲ ಎಂದು ದೇವರ ಎದುರು ಹೇಳಿಸುತ್ತಾರೆ. ನನಗೂ ಈ ಮಮ್ಮಿ ಒಮೊಯೆಯೇ ದಾರಿಯ ತಾಯಿಯಾಗಿದ್ದರು. ಇಟಲಿಯ ಟ್ಯೂರಿನ್ನಿನಲ್ಲಿ ತಮ್ಮ ತಂಗಿಯ ಸಲೂನಿದೆ, ಜಡೆ ಹೆಣೆಯುವ ಕೆಲಸ ಎಂದಿದ್ದರು. ಅವ್ವ ಆ ದಿನ ಇದೇ ನೆಲದ ಮೇಲೆ ಕುಣಿದಿದ್ದಳು.

ಸಲೂನು ಇರಲಿಲ್ಲ. ಹೆದ್ದಾರಿಯ ಪಕ್ಕ, ಚಳಿಯಲ್ಲಿ, ತುಂಡು ಬಟ್ಟೆಯಲ್ಲಿ ನಿಲ್ಲಿಸಿದರು. ಓಡಿಬರೋದಕ್ಕೇನಾಗಿತ್ತು ಎಂದು ಈಗ ಎಲ್ಲರೂ ಕೇಳುತ್ತಾರೆ. ನಾವಿದ್ದ ಮನೆಗೆ ಬೀಗವೇ ಇರಲಿಲ್ಲ. ಓಡಿದರೆ ನೆತ್ತಿಯ ಎಣ್ಣೆ ಶಾಪವಾಗುತ್ತದೆ, ನಿನ್ನವ್ವ ಸಾಯುತ್ತಾಳೆ ಎಂದು ಮಮ್ಮಿ ಫೋನಿನಲ್ಲಿ ಹೇಳಿದ್ದರು. ಬಾಗಿಲು ತೆರೆದೇ ಇತ್ತು, ನಾನು ಒಳಗೇ ಕೂತಿದ್ದೆ. ಕೊನೆಗೆ ಅಲ್ಲಿಯ ಪೊಲೀಸರೇ ಹಿಡಿದು ವಿಮಾನ ಹತ್ತಿಸಿದರು. ಊರಿಗೆ ಬಂದರೆ ಅವ್ವ ಗಟ್ಟಿಮುಟ್ಟಾಗಿ ಹೊಸ್ತಿಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಅವಳನ್ನು ಕಂಡು ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಭಕ್ತಿಯಿಂದಲೇ ನನ್ನನ್ನು ಕಟ್ಟಿಹಾಕಿದ್ದರು.

ಜನ ತುಂಬಿದರು. ಡ್ರಮ್ಮು ನಿಂತಿತು. ಎಕಿ ಮಂಡಿಯೂರಿದಳು. ಅವಳ ಹಿಂದೆ ಮಮ್ಮಿ ಒಮೊಯೆ, ತಲೆಗೆ ಹೊಳೆಯುವ ವಸ್ತ್ರ ಸುತ್ತಿ ನಿಂತಿದ್ದರು. ಪಾಸ್ಟರು ಬಾಟಲಿ ಬಗ್ಗಿಸಿದರು. ಎಣ್ಣೆ ಹುಡುಗಿಯ ಹಣೆಗಿಳಿಯಿತು.

"ಹೇಳು ಮಗಳೇ, ದಾರಿಯ ತಾಯಿಯ ಮಾತು—"

"ಬಾಯ್ ಬಿಡ್ಬ್ಯಾಡ ಎಕಿ" ಎನ್ನುತ್ತ ನಾನು ಎದ್ದು ಹೋದೆ. ಕುರ್ಚಿ ಒರೆಸಿದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಅದರಿಂದಲೇ ಅವಳ ನೆತ್ತಿಯನ್ನು ತಿಕ್ಕಿ ಒರೆಸಿದೆ.

"ದೇವ್ರ ಎಣ್ಣೆ ಮುಟ್ತೀಯೇನೇ ಲೌಡಿ? ನಿನ್ ಕೈ ಸೇದೋಗ" ಎಂದರು ಮಮ್ಮಿ.

"ಸೇದೋಗ್ಲಿ ಬುಡಿ ಮಮ್ಮಿ. ನಮ್ಮವ್ವ ಸಾಯ್ತಾಳೆ ಅಂತಾನೂ ಅಂದಿದ್ರಿ. ಅಗೋ, ಕಿಟಕಿ ತಾವ ಕೂತವ್ಳೆ."

ಸಭೆಯೆಲ್ಲ ಅತ್ತ ತಿರುಗಿತು. ಅವ್ವ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡಳು.

ನನ್ನ ಕೆನ್ನೆಗೆ ಬಿದ್ದ ಏಟು ಎಕಿಯ ತಾಯಿಯದು. "ಹೊಟ್ಟೆಕಿಚ್ಚು ಕಣೇ ನಿಂಗೆ. ನೀನ್ ಹಾಳಾದೆ ಅಂತ ನನ್ ಮಗ್ಳು ಉದ್ಧಾರ ಆಗ್ಬಾರ್ದಾ?" ಪೇಷನ್ಸ್ ನನ್ನ ತೋಳು ಹಿಡಿದು ಬಾಗಿಲಿಗೆ ಎಳೆದಳು.

ಎಕಿಯ ತಾಯಿ ಬಾಟಲಿಯನ್ನು ತಾನೇ ಕಸಿದುಕೊಂಡು ಮಗಳ ಕುತ್ತಿಗೆ ಅದುಮಿದಳು. "ಬಗ್ಗೇ, ನನ್ನವ್ವ, ಬಗ್ಗು."

ಎಕಿ ಕಿಟಕಿಯ ಹತ್ತಿರ ಕೂತಿದ್ದ ನಮ್ಮವ್ವನನ್ನೇ ನೋಡುತ್ತಿದ್ದಳು. ಕುತ್ತಿಗೆ ಬಗ್ಗಲಿಲ್ಲ. ಎಣ್ಣೆ ತಾಯಿಯ ಮೊಣಕೈಯಿಂದ ಇಳಿದು, ನಾನು ಒರೆಸಿದ್ದ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.