ಕ್ಯಾಸೆಟ್ಟಿನ ತುದಿಯ ನಾಲ್ಕು ನಿಮಿಷ

ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಎದುರಿಗೆ ಶಂಕ್ರಪ್ಪನ ಮೈಕ್ ಸೆಟ್ಟಿನ ಅಂಗಡಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರ ಮನೆಯ ಮದುವೆಯೇ ಇರಲಿ, ಅವನ ಭೋಂಗಾ ಮಾವಿನ ಮರ ಹತ್ತಿ ಕೂಗದ ಹೊರತು ಅಕ್ಷತೆ ಬೀಳುತ್ತಿರಲಿಲ್ಲ. ಎಂಬತ್ಮೂರರ ಹೊತ್ತಿಗೆ ಜನಕ್ಕೆ ಕ್ಯಾಸೆಟ್ಟಿನ ಹುಚ್ಚು ಹತ್ತಿತು. ಶಂಕ್ರಪ್ಪ ಒಂದು ರೆಕಾರ್ಡಿಂಗ್ ಯಂತ್ರ ತಂದಿಟ್ಟ. ಗಿರಾಕಿಗಳು ಖಾಲಿ ಕ್ಯಾಸೆಟ್ಟು ಮತ್ತು ಹಾಡಿನ ಪಟ್ಟಿ ಕೊಟ್ಟರೆ ತುಂಬಿಕೊಡುವ ಕೆಲಸಕ್ಕೆ ಮನೋರಮಾಳನ್ನು ಇಟ್ಟುಕೊಂಡ.

ಮನೋರಮಾ ಪಂಚಾಂಗದ ಶ್ರೀನಿವಾಸಾಚಾರ್ಯರ ಮಗಳು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತವಳು. ಆಚಾರ್ಯರ ಮಗಳು ಮೈಕಿನ ಅಂಗಡಿಯಲ್ಲಿ ಕೂತಳೆಂದು ಓಣಿ ಎಂಟು ದಿನ ಮಾತಾಡಿತು, ಒಂಬತ್ತನೆಯ ದಿನ ಅದಕ್ಕೇ ದಣಿವಾಯಿತು. ಅವಳು ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಬೇರೆ ಕೆಲಸ ಸಿಕ್ಕಿತ್ತು.

ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಾಡುಗಳು ಎಂದೂ ಸರಿಯಾಗಿ ಕೂಡುವುದಿಲ್ಲ. ಒಂದೊಂದು ಬದಿಯ ತುದಿಗೂ ಮೂರು, ನಾಲ್ಕು, ಐದು ನಿಮಿಷ ಟೇಪು ಸುಮ್ಮನೆ ಉಳಿಯುತ್ತದೆ. ನಮ್ಮ ಕಡೆಯ ಜನ ಇದನ್ನು ಸುಮ್ಮನೆ ಬಿಡುವವರಲ್ಲ. ಸೇರು ಅಕ್ಕಿ ಕೇಳಿದವನಿಗೆ ಮುಕ್ಕಾಲು ಸೇರು ಅಳೆದು ಕೊಟ್ಟಂತೆ ಎಂದು ಜಗಳಕ್ಕೇ ಬರುತ್ತಿದ್ದರು. ಖಾಲಿ ತುದಿಗೆ ಏನಾದರೊಂದು ತುಂಬು ಎಂದು ಶಂಕ್ರಪ್ಪ ಹೇಳಿಬಿಟ್ಟ. ಏನು ತುಂಬಬೇಕೆಂದು ಹೇಳಲಿಲ್ಲ. ಅದೇ ಅವನು ಮಾಡಿದ ತಪ್ಪು.

ಅಂಗಡಿಯ ಅಟ್ಟದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಏಳು ವರ್ಷದ ಹಿಂದೆ ಪುಣೆ ಕಡೆಯಿಂದ ಬಂದ ವಿದೇಶಿಯರ ವ್ಯಾನು ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ ಶಂಕ್ರಪ್ಪ ಅವರಿಗೆ ಎಂಟು ದಿನ ಅಟ್ಟದ ಮೇಲೆ ಜಾಗ ಕೊಟ್ಟಿದ್ದ. ಹೋಗುವಾಗ ಅವರು ಪ್ರೀತಿಯಿಂದ ಬಿಟ್ಟುಹೋದದ್ದು ಹನ್ನೊಂದು ದೊಡ್ಡ ರೆಕಾರ್ಡುಗಳು. ಗಿಟಾರು, ಡ್ರಮ್ಮಿನ ರಾಕ್ ತಂಡಗಳು ಸಂಗೀತದ ಯಾವ ಕಟ್ಟಳೆಗೂ ಜಗ್ಗದ ಪ್ರಯೋಗಗಾರರ ಜೊತೆ ಕೂಡಿ ಮಾಡಿದ ಆಲ್ಬಮ್ಮುಗಳು ಅವು. ಒಬ್ಬ ಪಿಯಾನೋದ ತಂತಿಗಳ ನಡುವೆ ಬೋಲ್ಟು ಸಿಕ್ಕಿಸಿ ಬಾರಿಸಿದ್ದ. ಇನ್ನೊಬ್ಬ ಟೇಪನ್ನು ಕತ್ತರಿಸಿ ತಿರುವುಮುರುವಾಗಿ ಅಂಟಿಸಿದ್ದ. ಮತ್ತೊಬ್ಬಳು ನಲ್ಲಿಯ ಕೊಳವೆಯಲ್ಲಿ ನೀರು ಗುಟುಗುಟಿಸುವುದನ್ನು ಹಿಡಿದು, ಅದಕ್ಕೆ ಡ್ರಮ್ಮಿನವನು ತಾಳ ಹಾಕುವಂತೆ ಮಾಡಿದ್ದಳು. ಶಂಕ್ರಪ್ಪ ಆ ಪೆಟ್ಟಿಗೆಯ ಮೇಲೆ ಬೆಸುಗೆಯ ಸಾಮಾನು ಇಡುತ್ತಿದ್ದ.

ಮನೋರಮಾ ಮೊದಲ ದಿನ ಕೇಳಿದಾಗ ಅವಳ ತಲೆ ನೋಯಿತು. ಎರಡನೆಯ ದಿನ ಸಿಟ್ಟು ಬಂತು. ಮೂರನೆಯ ದಿನ ಮನೆಯಲ್ಲಿ ಪಾತ್ರೆ ತಿಕ್ಕುವಾಗ ಕೈ ತಾನಾಗಿಯೇ ಆ ಕೊಳವೆಯ ತಾಳಕ್ಕೆ ಓಡುತ್ತಿರುವುದು ಗೊತ್ತಾಗಿ ನಾಚಿಕೆಯಾಯಿತು, ಆಮೇಲೆ ಖುಷಿಯಾಯಿತು. ಅಂದಿನಿಂದ ಅವಳು ಹನ್ನೊಂದು ರೆಕಾರ್ಡುಗಳನ್ನೂ ಜರಡಿ ಹಿಡಿದಳು. ಅರ್ಧಕ್ಕರ್ಧ ಬರೀ ಗದ್ದಲ ಎನ್ನಲು ಅವಳಿಗೇನೂ ಅಂಜಿಕೆಯಿರಲಿಲ್ಲ. ಉಳಿದದ್ದರಲ್ಲಿ ಒಂಬತ್ತು ಹಾಡುಗಳನ್ನು ಆರಿಸಿದಳು. ಗಿರಾಕಿಯ ಕ್ಯಾಸೆಟ್ಟಿನಲ್ಲಿ ಎಷ್ಟು ನಿಮಿಷ ಉಳಿದಿದೆಯೋ ಅಷ್ಟರಲ್ಲಿ ಕೂಡುವಂಥದ್ದನ್ನು ಗಡಿಯಾರ ನೋಡಿ ತುಂಬತೊಡಗಿದಳು. ಜೊತೆಗೆ ಕ್ಯಾಸೆಟ್ಟಿನ ಚೀಟಿಯ ಮೇಲೆ ಸಣ್ಣ ಅಕ್ಷರದ ಶಿಫಾರಸು: ‘ಬೋಲ್ಟಿನ ಪಿಯಾನೋ. ಮೊದಲ ಅರ್ಧ ನಿಮಿಷ ತಾಳಿರಿ. ಆಮೇಲೆ ಗಿಟಾರು ಬರುತ್ತದೆ, ಅದನ್ನು ಮರೆಯಲಾರಿರಿ. —ಮನೋರಮಾ.’ ಕಪ್ಪು ಹೊದಿಕೆಯ ರೆಕಾರ್ಡಿನ ಎರಡನೆಯ ಬದಿಯ ಮೂರನೆಯ ಹಾಡೆಂದರೆ ಅವಳಿಗೆ ಜೀವ. ಅದರಲ್ಲಿ ಒಂದೇ ಸ್ವರ ಹಿಡಿದು ಗುಂಯ್‌ಗುಡುವ ಗಿಟಾರಿನ ಮೇಲೆ ಒಬ್ಬ ಹುಡುಗಿ ಮಾತಿಲ್ಲದೆ ಹಾಡುತ್ತಾಳೆ. ಅದಕ್ಕೆ ಅವಳು ‘ಒಬ್ಬರೇ ಇದ್ದಾಗ ಕೇಳಿರಿ’ ಎಂದಷ್ಟೇ ಬರೆಯುತ್ತಿದ್ದಳು.

ದುಂಡಸಿಯ ಗಿರಾಕಿ ಚನ್ನವೀರಪ್ಪನ ಕ್ಯಾಸೆಟ್ಟಿನ ಒಂದು ಬದಿಯ ತುದಿಗೆ ಪಿಯಾನೋ ಇತ್ತು, ಇನ್ನೊಂದರ ತುದಿಗೆ ಈ ಹುಡುಗಿ. ಅವನು ಮಾತ್ರ ಒಬ್ಬನೇ ಇದ್ದಾಗ ಕೇಳಲಿಲ್ಲ. ಬೀಗರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು ವಚನಗಳನ್ನು ಕಣ್ಣುಮುಚ್ಚಿ ಕೇಳುತ್ತಿದ್ದಾಗ ತುದಿಯ ಬೋಲ್ಟಿನ ಪಿಯಾನೋ ಸಿಡಿಯಿತು. ಮರುದಿನ ಮೊದಲ ಬಸ್ಸಿಗೇ ಬಂದು ಶಂಕ್ರಪ್ಪನ ಮರ್ಯಾದೆಯನ್ನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ತೆಗೆದ.

ಶಂಕ್ರಪ್ಪ ಇದನ್ನು ಇಲ್ಲಿಗೇ ನಿಲ್ಲಿಸು ಎಂದ. ಮನೋರಮಾ ನಿಲ್ಲಿಸುವುದಿಲ್ಲ ಎಂದಳು. ಒಂದು ತಿಂಗಳು ಕೊಡಿ, ಇದು ಇನ್ನಷ್ಟು ಬೇಕೆಂದು ಹತ್ತು ಜನ ತಾವಾಗಿ ಕೇಳದಿದ್ದರೆ ಪೆಟ್ಟಿಗೆಗೆ ಹಗ್ಗ ಬಿಗಿದು ಅಟ್ಟದ ಮೇಲಿಡುತ್ತೇನೆ ಎಂದಳು. ಹತ್ತೇನು, ಇಬ್ಬರೂ ಬರಲಾರರೆಂಬ ಧೈರ್ಯದ ಮೇಲೆ ಶಂಕ್ರಪ್ಪ ಒಪ್ಪಿದ.

ಮೂರು ವಾರದಲ್ಲಿ ಎಂಟು ಜನ ಕೇಳಿದರು. ಆಡೂರಿನ ಸಾಲೆಯ ಮಾಸ್ತರು ಕೇಳಿದರು. ಹಿರೇಕೆರೂರಿನ ಹತ್ತಿಬೀಜದ ವ್ಯಾಪಾರಿ ಕೇಳಿದ. ಚನ್ನವೀರಪ್ಪನ ಸೊಸೆ ಸರೋಜವ್ವನೇ ಮಾವನಿಗೆ ಗೊತ್ತಾಗದಂತೆ ಚೀಟಿ ಕಳಿಸಿದಳು. ಸವಣೂರಿನ ಹಮೀದುನ್ನೀಸಾ, ವೀಳ್ಯದೆಲೆ ವಿಂಗಡಿಸಿ ಕಟ್ಟು ಕಟ್ಟುವ ಕೆಲಸದವರು, ತಮ್ಮ ಕವ್ವಾಲಿಯ ಕ್ಯಾಸೆಟ್ಟಿನ ತುದಿಯಲ್ಲಿರುವ ಹುಡುಗಿಯದು ಮತ್ತೊಂದು ಹಾಡಿದ್ದರೆ ಬೇಕೆಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದರು. ಎಂಟರಲ್ಲಿ ಆರು ಜನ ಕೇಳಿದ್ದು ಆ ಹುಡುಗಿಯನ್ನೇ. ಮನೋರಮಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಸಣ್ಣ ಸಂಗತಿ ಮಾತ್ರ ಅವಳನ್ನು ಮೊದಲಿನಿಂದ ಕಾಡುತ್ತಿತ್ತು. ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾದ ಹಾಡಿನ ಅವಧಿಗೂ ಅವಳ ಗಡಿಯಾರಕ್ಕೂ ಎಂದೂ ತಾಳೆಯಾಗುತ್ತಿರಲಿಲ್ಲ. ವಿದೇಶಿಯರು ಧಾರಾಳಿಗಳು, ಹೆಚ್ಚಿಗೆ ಬರೆದುಕೊಂಡಿದ್ದಾರೆ ಎಂದುಕೊಂಡಿದ್ದಳು. ಒಂದು ಬೆಳಿಗ್ಗೆ ಅಪ್ಪ ಪಂಚಾಂಗದ ಗಣಿತ ಮಾಡುತ್ತ ಕೂತಿದ್ದಾಗ ತಮಾಷೆಗೆಂದು ಆ ಲೆಕ್ಕ ಮುಂದಿಟ್ಟಳು. ತನ್ನಲ್ಲಿ ಮೂರು ನಿಮಿಷ ಬರುವುದಕ್ಕೆ ಅಲ್ಲಿ ನಾಲ್ಕು ನಿಮಿಷ ಮೂರು ಸೆಕೆಂಡು. ನಾಲ್ಕು ಬರುವುದಕ್ಕೆ ಐದು ಇಪ್ಪತ್ನಾಲ್ಕು. ಐದು ಬರುವುದಕ್ಕೆ ಆರು ನಲವತ್ತೈದು. ಆಚಾರ್ಯರು ಬಳಪ ಕೂಡ ಎತ್ತಲಿಲ್ಲ.

“ಎಲ್ಲಾ ಒಂದೇ ಪ್ರಮಾಣದಾಗ ತಪ್ಪಿದ್ರ ತಪ್ಪು ಅವುಗಳದಲ್ಲ. ನಿಮಿಷಕ್ಕ ಇಪ್ಪತ್ತೊಂದು ಸೆಕೆಂಡು ನೀನ ನುಂಗಾಕತ್ತೀದಿ. ನಿನ್ನ ಚಕ್ರ ಭಾಳ ಜೋರ್ ತಿರಗತದ,” ಎಂದರು.

ಮನೋರಮಾ ಚಪ್ಪಲಿ ಮೆಟ್ಟಿದವಳು ಅಂಗಡಿಯಲ್ಲೇ ಹೋಗಿ ನಿಂತಳು. ರೆಕಾರ್ಡು ತಿರುಗಿಸುವ ಯಂತ್ರವನ್ನು ಎತ್ತಿ ನೋಡಿದರೆ, ಪಕ್ಕದಲ್ಲಿದ್ದ, ವೇಗ ಬದಲಿಸುವ ಸಣ್ಣ ಕೀಲಿಯನ್ನು ತಾಮ್ರದ ತಂತಿಯಿಂದ ಬಿಗಿದು ಕಟ್ಟಲಾಗಿತ್ತು. ಮದುವೆಯ ಮನೆಗಳಲ್ಲಿ ಬೀಗರು ಆ ಕೀಲಿ ಅತ್ತಿತ್ತ ತಿರುಗಿಸಿ ಹಾಡುಗಾರರನ್ನು ಇಲಿಮರಿ ಮಾಡಿ ನಗುತ್ತಿದ್ದರೆಂದು ಶಂಕ್ರಪ್ಪ ಯಾವ ಕಾಲದಲ್ಲೋ ಅದನ್ನು ಸಣ್ಣ ರೆಕಾರ್ಡುಗಳ ವೇಗಕ್ಕೆ ಕಟ್ಟಿಹಾಕಿದ್ದ. ಆ ಯಂತ್ರದ ಮೇಲೆ ಸಿನಿಮಾ ಹಾಡಿನ ಸಣ್ಣ ರೆಕಾರ್ಡುಗಳ ಹೊರತು ಬೇರೇನೂ ಏರಿದ್ದಿಲ್ಲ. ದೊಡ್ಡವು ನಿಧಾನ ತಿರುಗಬೇಕೆಂಬುದು ಅವನಿಗೆ ಗೊತ್ತಿತ್ತು, ಆದರೆ ಪರದೇಶದ ಹಾಡು ಹೀಗೇ ಇರುತ್ತದೆಂದು ಸುಮ್ಮನಿದ್ದನಂತೆ. ಮನೋರಮಾಳಿಗೆ ಗೊತ್ತೇ ಇರಲಿಲ್ಲ.

ಅವಳು ಇಕ್ಕಳದಿಂದ ತಂತಿ ಕತ್ತರಿಸಿ, ಕೀಲಿ ತಿರುಗಿಸಿ, ಕಪ್ಪು ಹೊದಿಕೆಯ ರೆಕಾರ್ಡು ಹಾಕಿದಳು. ಎರಡನೆಯ ಬದಿ, ಮೂರನೆಯದು. ಹುಡುಗಿ ಇರಲಿಲ್ಲ. ಅವಳ ಜಾಗದಲ್ಲಿ ಒಬ್ಬ ಮುದುಕ, ಗಂಟಲು ಒಡೆದ ಮುದುಕ, ಉಸಿರು ಸಾಲದೆ ನಡುನಡುವೆ ನಿಂತು ಹಾಡುತ್ತಿದ್ದ. ಮನೋರಮಾಳಿಗೆ ಅಳು ಬಂತು. ಮೂರು ತಿಂಗಳು ಊರೂರಿಗೆ ತನ್ನ ಹೆಸರು ಬರೆದು ಹಂಚಿದ್ದು ಇಲ್ಲದ ಹುಡುಗಿಯನ್ನು.

ಶಂಕ್ರಪ್ಪನಿಗೆ ಇದು ಅಳುವ ವಿಷಯವೇ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಅಷ್ಟು ಹೊತ್ತಿಗೆ ಹುಡುಗಿಯ ಮೇಲೆ ಮಮತೆ ಹುಟ್ಟಿತ್ತು. “ಎಂಟು ಮಂದಿ ಆಗ್ಯಾರ, ಇನ್ನಿಬ್ರು ಆದ್ರ ನೀನ ಗೆದ್ದಿ. ಅದು ಹುಡುಗಿ ಅಲ್ಲ ಅಂತ ಇಲ್ಲಿ ಯಾರಿಗೆ ಗೊತ್ತಾಗತೈತಿ?” ಎಂದ.

“ನನಗ ಗೊತ್ತಾತಲ್ರಿ. ಚೀಟಿ ಮ್ಯಾಲ ಇರೋದು ನನ್ನ ಹೆಸರು,” ಎಂದಳು ಮನೋರಮಾ.

ಎಂಟು ಪೋಸ್ಟ್ ಕಾರ್ಡು ಬರೆದಳು. ತಾನು ತುಂಬಿಕೊಟ್ಟದ್ದು ತಪ್ಪು ವೇಗದ್ದು, ಹುಡುಗಿ ಎಂದುಕೊಂಡದ್ದು ಮುದುಕ, ಒಮ್ಮೆ ಬಂದು ಸರಿಯಾದದ್ದನ್ನು ಕೇಳಿ, ಆಮೇಲೂ ಬೇಕೆನಿಸಿದರೆ ಮಾತ್ರ ತನ್ನ ಲೆಕ್ಕಕ್ಕೆ ಸೇರಿಸುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಬರೆದಳು. ಇನ್ನೊಂದು ತೊಡಕನ್ನೂ ತಿಳಿಸಬೇಕಾಯಿತು. ನಾಲ್ಕು ನಿಮಿಷದ ತುದಿಯಲ್ಲಿ ಐದೂಕಾಲು ನಿಮಿಷದ್ದು ಕೂಡುವುದಿಲ್ಲ, ಬೇಕಾದವರು ಹೊಸ ಕ್ಯಾಸೆಟ್ಟು ತರಬೇಕು.

ಬಾಕಿ ಉಳಿದ ದಿನಗಳಲ್ಲಿ ಅವಳು ಹನ್ನೊಂದನ್ನೂ ಮತ್ತೆ ಮೊದಲಿನಿಂದ ಕೇಳಿದಳು. ಆರಿಸಿದ ಒಂಬತ್ತರಲ್ಲಿ ಐದು ನಿಧಾನಕ್ಕೆ ಬಂದ ಕೂಡಲೇ ಜೋತುಬಿದ್ದವು, ಹೊಡೆದುಹಾಕಿದಳು. ಬೋಲ್ಟಿನ ಪಿಯಾನೋ ಮೊದಲಿಗಿಂತ ಭಾರವಾಗಿ, ಮೊದಲಿಗಿಂತ ಚೆನ್ನಾಗಿ ನಿಂತಿತು. ಗದ್ದಲವೆಂದು ಬಿಟ್ಟ ಎರಡು ಈಗ ಬಾಯಿಬಿಟ್ಟು ಮಾತಾಡಿದವು. ಅವುಗಳನ್ನು ಆಗ ಬೈದುದಕ್ಕೆ ಅವಳಿಗೆ ಸಂಕಟವಾಯಿತು. ಮುದುಕನನ್ನು ಮಾತ್ರ ಅವಳಿಗೆ ಅಳೆಯಲಾಗಲಿಲ್ಲ. ಪ್ರತಿ ಸಲವೂ ಹುಡುಗಿಯನ್ನೇ ಹುಡುಕುತ್ತಿದ್ದಳು.

ಎಂಟರಲ್ಲಿ ನಾಲ್ವರು ಬಂದು ಕೇಳಿದರು. ಆಡೂರಿನ ಮಾಸ್ತರು ಪಿಯಾನೋ ಕೇಳಿ ತಲೆದೂಗಿದರು, ಲೆಕ್ಕಕ್ಕೆ ಒಂದು. ಬೀಜದ ವ್ಯಾಪಾರಿ ಮುದುಕನ ದನಿ ಕೇಳಿದ್ದೇ ಮೋಸ ಹೋದವನಂತೆ ಮುಖ ಮಾಡಿ ಹೊರಟುಹೋದ. ಉಳಿದಿಬ್ಬರು ಬೇಡವೆನ್ನಲೂ ಆಗದೆ, ಬೇಕೆನ್ನಲೂ ಆಗದೆ ಚಹಾ ಕುಡಿದು ಬಸ್ಸು ಹತ್ತಿದರು. ಸರೋಜವ್ವ ಬರಲಾಗದೆ, ನನಗೆ ಹುಡುಗಿಯೇ ಇರಲಿ ಎಂದು ಬರೆದಳು. ಇನ್ನಿಬ್ಬರ ಸುದ್ದಿಯೇ ಇಲ್ಲ.

ತಿಂಗಳ ಕಡೆಯ ದಿನ ಮಧ್ಯಾಹ್ನ ಸವಣೂರಿನ ಬಸ್ಸಿನಿಂದ ಹಮೀದುನ್ನೀಸಾ ಇಳಿದರು. ಐವತ್ತರ ಹೆಂಗಸು, ಬೆರಳ ತುದಿಗಳು ಎಲೆಯ ರಸಕ್ಕೆ ಕಪ್ಪಾಗಿದ್ದವು. ಕೈಯಲ್ಲಿ ಹೊಸ ಕ್ಯಾಸೆಟ್ಟಿತ್ತು. ಮನೋರಮಾ ಕಾರ್ಡಿನಲ್ಲಿ ಬರೆದದ್ದನ್ನೇ ಮತ್ತೊಮ್ಮೆ ಬಾಯಲ್ಲಿ ಒಪ್ಪಿಕೊಂಡು ಮುದುಕನನ್ನು ಕೇಳಿಸಿದಳು. ಐದೂಕಾಲು ನಿಮಿಷದ ಹಾಡು ಮುಗಿಯಿತು. ಹಮೀದುನ್ನೀಸಾ ಮತ್ತೊಮ್ಮೆ ಹಾಕಿಸಿದರು.

“ಆ ಹುಡುಗಿ ಹಾಡಿದ್ದು ಛಲೋನ ಇತ್ರಿ, ಆದ್ರ ಆಕೀಗೆ ದಮ್ಮು ಹತ್ತತಿರಲಿಲ್ಲ. ಇವಗ ಹತ್ತತೈತಿ. ಹತ್ತಿದ್ರೂ ಬಿಡವಲ್ಲ,” ಎಂದರು.

ಮನೋರಮಾ ಎಷ್ಟು ಸಲ ಕೇಳಿದ್ದಳು! ನಿಲ್ಲುವ ಉಸಿರನ್ನು ಹಾಡಿನ ಕೊರತೆ ಎಂದುಕೊಂಡೇ ಕೇಳಿದ್ದಳು. ಈಗ ಅವಳಿಗೆ ಆ ಮುದುಕ ಕೇಳಿಸಿದ. ಎದೆ ತುಂಬಿ ಬಂತು, ಜೊತೆಗೆ ತನಗಿಂತ ಮೊದಲು ಅದನ್ನು ಹಿಡಿದವರ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಶಂಕ್ರಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಕೆಮ್ಮಿ, ಇನ್ನೆಂಟು ದಿನ ಬೇಕಾದರೆ ತಗೋ ಎನ್ನುವವನಿದ್ದ. ಅವನು ಬಾಯಿ ತೆರೆಯುವ ಮೊದಲೇ ಮನೋರಮಾ, ಹತ್ತಾಗಬೇಕಿತ್ತು, ಎರಡಾಗಿದೆ, ಸೋತೆ ಎಂದಳು. ನಾಳೆಯಿಂದ ಕ್ಯಾಸೆಟ್ಟಿನ ತುದಿಗೆ ಏನು ತುಂಬಬೇಕೆಂದು ನೀವೇ ಹೇಳಿ ಎಂದಳು. ಆದರೆ ಇವತ್ತು ಗಿರಾಕಿಯೊಬ್ಬರು ಕ್ಯಾಸೆಟ್ಟು ತಂದು ಕೇಳುತ್ತಿದ್ದಾರೆ, ಗಿರಾಕಿ ಕೇಳಿದ್ದನ್ನು ಈ ಅಂಗಡಿ ಎಂದೂ ಇಲ್ಲ ಎಂದಿಲ್ಲ ಎಂದಳು. ಶಂಕ್ರಪ್ಪ ಎದ್ದು ಅವಳಿಗೆ ಯಂತ್ರದ ಮುಂದಿನ ಕುರ್ಚಿ ಬಿಟ್ಟುಕೊಟ್ಟ.

ಮುದುಕನೊಬ್ಬನನ್ನೇ ತುಂಬಲೋ, ಜೊತೆಗೆ ಇನ್ನೊಂದೆರಡು ಹಾಕಲೋ ಎಂದು ಕೇಳಿದಳು. ಹಮೀದುನ್ನೀಸಾ ಅವನ ಹಿಂದಿನದೂ ಮುಂದಿನದೂ ಬೇಕೆಂದರು, ಗದ್ದಲವಿದ್ದರೂ ಇರಲಿ ಎಂದರು. ಮನೋರಮಾ ಕಪ್ಪು ಹೊದಿಕೆಯ ರೆಕಾರ್ಡನ್ನು ಮೊದಲ ಬದಿಯ ಮೊದಲ ಗೆರೆಯಿಂದ ಹಾಕಿದಳು. ಕ್ಯಾಸೆಟ್ಟು ತುಂಬುತ್ತಿರುವಾಗ ಚೀಟಿ ತೆಗೆದು, ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ತಾಳಿಕೊಳ್ಳಬೇಕು ಎಂದು ಬರೆಯಲು ಪೆನ್ನಿನ ಮುಚ್ಚಳ ಬಿಚ್ಚಿದಳು.

ಹಮೀದುನ್ನೀಸಾ ಆ ಚೀಟಿಯ ಮೇಲೆ ತಮ್ಮ ಕಪ್ಪು ಬೆರಳಿಟ್ಟರು.

“ಯಾವುದು ಛಲೋ ಅಂತ ಈ ಸಲ ಬರೀಬ್ಯಾಡ್ರಿ. ಕೇಳಿ ನಾನ ಬಂದು ಹೇಳ್ತೇನಿ.”

ಮನೋರಮಾ ಪೆನ್ನು ಮುಚ್ಚಿ, ಖಾಲಿ ಚೀಟಿಯನ್ನೇ ಮಡಿಸಿ ಡಬ್ಬಿಯೊಳಗೆ ಇಟ್ಟಳು.