ಬೀರಪ್ಪನ ಏರು

ಮುಚ್ಚಂಡಿಯ ಗಾಡಿ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ. ಮಂದಿಯನ್ನು ಕೂಡಿಸಿಕೊಂಡು ಜತ್ತಿನ ಪೇಟೆಗೆ ಹೊರಟ ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಅದರ ಪಾಳಿ ಹೋಯಿತು. ಆ ಜಾಗ ಬೇರೆಯವರಿಗೆ. ಕಟ್ಟಳೆ ಕಾಯುವವನು ಸೋಮನಿಂಗಪ್ಪ. ಹಣೆ ತುಂಬ ವಿಭೂತಿ, ಬಾಯಿ ತುಂಬ ದೇವರು. ಆ ದೇವರು ಗಂಟಲಿನಿಂದ ಕೆಳಗೆ ಇಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅವನ ಅಳಿಯನ ಡೀಸೆಲ್ ಟಮ್‌ಟಮ್ ಪಾಳಿ ಸಿಗದೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಅದಕ್ಕೇ ಅವನ ಕಣ್ಣು ನಂದಾಳ ಪಾಳಿಯ ಮೇಲೆ.

ನಂದಾ ಓಡಿಸುವುದು ಕರೆಂಟಿನ ರಿಕ್ಷಾ. ಮನೆ ನಡೆಯುವುದು ಅದರಿಂದಲೇ.

ಆ ಸೋಮವಾರ ಸೋಮನಿಂಗಪ್ಪನೂ ಅದನ್ನೇ ಹತ್ತಿದ. ಊರು ದಾಟಿ ಏರು ಶುರುವಾಗುತ್ತಲೇ ಗಾಡಿ ಒಮ್ಮೆ ಜಗ್ಗಿ, ಮನುಷ್ಯ ನಡೆಯುವಷ್ಟು ನಿಧಾನವಾಯಿತು. ಮುಂದೆ ಕೆಂಪು ದೀಪ ಹತ್ತಿತು.

ನಂದಾ ಜತ್ತಿನ ಮೆಕ್ಯಾನಿಕ್ ವಿಜಯನಿಗೆ ಫೋನ್ ಹಚ್ಚಿದಳು. ಅವನ ಮಾತು ಎಲ್ಲರಿಗೂ ಕೇಳಿತು.

"ಅಕ್ಕಾ, ಮೋಟರ್ ಎಷ್ಟು ತಿರಗ್ಯದ ಅಂತ ಹೇಳೂ ಸೆನ್ಸರ್ ಒಂದು ಸತ್ತದ. ಕಂಟ್ರೋಲರ್ ಈಗ ಅಂದಾಜಿನ ಮ್ಯಾಲ ನಡಸ್ತದ. ಹಗೂರಕ ಬರ್ಲಿ. ನಿಲ್ಲಸಬ್ಯಾಡ್ರಿ ಮಾತ್ರ. ತಿರುಗೋ ತನಕ ಅಂದಾಜು ಸಿಗ್ತದ, ಏರಿನ್ಯಾಗ ನಿಂತ್ರ ಮತ್ತ ಏಳೂದಿಲ್ಲ."

ಸೋಮನಿಂಗಪ್ಪ ಮೀಸೆಯಲ್ಲೇ ನಕ್ಕ. "ಕುಡ್ಡ ಕತ್ತೆನೂ ಇದಕ್ಕಿಂತ ಲಗೂನ ಹೋಗ್ತದ."

"ಹಂಗಾರ ನಾಳಿ ಕತ್ತೆ ಹತ್ರೀ ಸಾವಕಾರ್ರ," ಬದನೆಕಾಯಿ ಬುಟ್ಟಿ ತಬ್ಬಿಕೊಂಡು ಕೂತಿದ್ದ ಗುರವ್ವ ಅಂದಳು.

ಏರಿನ ನಡುವೆ ಬೀರಪ್ಪನ ಕಟ್ಟೆ. ಯಾವ ಗಾಡಿಯಾದರೂ ಅಲ್ಲಿ ನಿಲ್ಲಬೇಕು. ಪೂಜಾರಿ ಶಿದ್ರಾಯಜ್ಜ ಗಾಡಿಯ ಮೂತಿಗೆ ಭಂಡಾರದ ಅರಿಷಿಣ ಹಚ್ಚಿದ ಮೇಲೇ ಮುಂದೆ. ಬೇರೆ ಗಾಡಿಗಳಲ್ಲಿ ಹೋಗುವಾಗ ಸೋಮನಿಂಗಪ್ಪ ಇದೇ ಕಟ್ಟೆಯ ಮುಂದೆ ಗೊರಕೆ ಹೊಡೆಯುತ್ತಿದ್ದ. ಇಂದು ಮಾತ್ರ ಭಕ್ತಿ ಉಕ್ಕಿತು.

"ಕಟ್ಟಿ ಬಂತು. ನಿಲ್ಲಸು ನಂದಾ."

"ನಿಂತ್ರ ಏಳೂದಿಲ್ರಿ ಕಾಕಾ. ಕೇಳಿದ್ರಲ್ಲಾ."

"ಪಾಳಿ ದೊಡ್ಡದೋ, ದೇವರು ದೊಡ್ಡಾಂವೋ?"

ನಂದಾ ಕಟ್ಟೆಯ ಕಡೆ ನೋಡಿದಳು. ಅವಳು ಆ ಕಟ್ಟೆಯನ್ನು ಒಂದು ದಿನವೂ ಸುಮ್ಮನೆ ದಾಟಿದವಳಲ್ಲ. ಹೊರಗೆ ತಲೆ ಹಾಕಿ ಕೂಗಿದಳು, "ಅಜ್ಜಾ, ಗಾಡಿ ನಿಂತ್ರ ಮತ್ತ ಏಳೂದಿಲ್ಲ. ಏನ ಮಾಡ್ಲಿ?"

ಶಿದ್ರಾಯಜ್ಜ ತಟ್ಟೆ ಎತ್ತಿಕೊಂಡು ಎದ್ದ. "ನಡಸವ್ವಾ. ನನಗೂ ಕಾಲು ಅದಾವ."

ಗಾಡಿಯ ಮಗ್ಗುಲಲ್ಲೇ ನಡೆಯುತ್ತ ಗಾಜಿಗೆ, ನಂದಾಳ ಹಣೆಗೆ, ಗುರವ್ವನ ಹಣೆಗೆ ಭಂಡಾರ ಹಚ್ಚಿದ. ಬೀರಪ್ಪನಿಗೆ ಅದು ಸಾಕಾಗಿತ್ತು. ಸೋಮನಿಂಗಪ್ಪನಿಗೆ ಸಾಲಲಿಲ್ಲ.

"ಇದು ರೀತಿ ಅಲ್ಲ. ದೇವರಿಗೆ ಅಪಮಾನ," ಎಂದವನೇ ಕೆಳಗೆ ಧುಮುಕಿ, ಮುಂದೆ ಓಡಿ, ರಸ್ತೆಗೆ ಅಡ್ಡ ಕೈ ಚಾಚಿ ನಿಂತ. ನಂದಾಳ ಕೈ ಬ್ರೇಕಿನ ಮೇಲೆ ಹೋಯಿತು, ಆದರೆ ಒತ್ತಲಿಲ್ಲ; ಗಾಡಿ ಇನ್ನೂ ಹತ್ತು ಮಾರು ಹಿಂದೆ ತೆವಳುತ್ತಲೇ ಇತ್ತು.

ಕಟ್ಟೆಯ ಮೇಲೆ ಕೂತಿದ್ದ ಕುರುಬರೆಲ್ಲ ನೋಡುತ್ತಿದ್ದರು. ಶಿದ್ರಾಯಜ್ಜ ಬಿರಬಿರನೆ ಮುಂದೆ ಹೋಗಿ ಅವನ ತೋಳು ಹಿಡಿದ.

"ಬರ್ರಿ. ದೇವರು ಕಟ್ಟಿ ಮ್ಯಾಲ ಅದಾನ, ರಸ್ತಾದಾಗಿಲ್ಲ. ಇಷ್ಟು ಭಕ್ತಿಲೆ ಇಳದೀರಿ, ಹಣಿ ಹಚ್ಚಿ ಹೋಗ್ರಿ."

ಅಷ್ಟು ಮಂದಿಯೆದುರು ಒಲ್ಲೆ ಎನ್ನುವ ಹಾಗಿರಲಿಲ್ಲ. ಸೋಮನಿಂಗಪ್ಪ ಪಕ್ಕಕ್ಕೆ ಸರಿದ, ಚಪ್ಪಲಿ ಬಿಟ್ಟ, ಮಂಡಿಯೂರಿದ. ಅಜ್ಜ ಹಾಡು ಶುರು ಮಾಡಿದ. ಅದು ಲಗೂನ ಮುಗಿಯುವ ಹಾಡಲ್ಲ. ಬಗ್ಗಿದ ತಲೆಯ ಹಿಂದೆ ರಿಕ್ಷಾ ಹಗುರಕ್ಕೆ ಏರು ದಾಟಿತು.

ಜತ್ತಿನಲ್ಲಿ ಮಂದಿ ಇಳಿದ ಮೇಲೆ ಅದು ಮತ್ತೆ ಏಳಲಿಲ್ಲ. ವಿಜಯ ತಳ್ಳಿಕೊಂಡು ಹೋಗಿ ಸೆನ್ಸರ್ ಬದಲಿಸಿದ.

ಸಂಜೆ ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿದರು. ಗುರವ್ವನೂ ಖಾಲಿ ಬುಟ್ಟಿ ಹಿಡಿದು ಬಂದು ನಿಂತಳು.

"ಸಾವಕಾರ್ರ, ನಂದಾನ ಗಾಡಿ ಕೆಟ್ಟು ಎಲ್ಲಿ ನಿಂತಿತ್ರಿ?" ಯಾರೋ ಕೇಳಿದರು.

ಸೋಮನಿಂಗಪ್ಪನ ಹಣೆಯ ಮೇಲೆ ಕಟ್ಟೆಯ ಅರಿಷಿಣ ಇನ್ನೂ ಅಳಿಸಿರಲಿಲ್ಲ. ಗುರವ್ವನನ್ನು ನೋಡಿದ, ಬೇವಿನ ಗಿಡದ ಕೆಳಗೆ ನಿಂತಿದ್ದ ಅಳಿಯನ ಗಾಡಿಯನ್ನು ನೋಡಿದ.

"ಜತ್ತಿನ್ಯಾಗ," ಅಂದ.