ಜನವರಿಯಲ್ಲಿ ಬೇಕಾಗುತ್ತಿದ್ದ ಕಾಗದ

ನಾನು ಒಂದು ಪ್ರಮಾಣಪತ್ರ. ಒಂದು ಸರ್ಕಾರಿ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಬುಧವಾರದ ದಿನ ಹುಟ್ಟಿದೆ. ನಡೆಯಲಾರದವರಿಗೆ ಕೊಡುವ ಕಾಗದ ನಾನು, ಆದರೆ ನನ್ನನ್ನು ಪಡೆಯಲು ಮೂವತ್ತೆರಡು ಮೆಟ್ಟಿಲು ಹತ್ತಬೇಕಿತ್ತು. ನೀಲವ್ವ ತನ್ನ ನಾಲ್ಕು ವರ್ಷದ ಮಗಳು ಶಶಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತಿ ಬಂದಿದ್ದಳು.

ಡಾಕ್ಟರು ಶಶಿಯ ಎರಡೂ ಕಾಲುಗಳನ್ನು ಎತ್ತಿ, ಬಿಟ್ಟು ನೋಡಿದರು. ಅವು ಬಿಟ್ಟಲ್ಲೇ ಬಿದ್ದವು. ನನ್ನ ಮೇಲೆ ‘ಎಂಬತ್ತು ಪರ್ಸೆಂಟ್’ ಎಂದು ಬರೆದರು. ಅದರ ಕೆಳಗೆ ‘ಶಾಶ್ವತ’ ಎಂದು ಬರೆದು ಸೀಲು ಒತ್ತಿದರು.

“ಎಂಬತ್ತು ಅಂದ್ರ ಪಾಸ್ ಆದಂಗಲ್ರಿ ಸಾಹೇಬ್ರ?” ಎಂದು ನೀಲವ್ವ ಕೇಳಿದಳು. ಅಳು ಬಾರದಿರಲೆಂದು ಕೇಳಿದ್ದು. ಡಾಕ್ಟರು ನಗಲಿಲ್ಲ. ಶಶಿ ಮಾತ್ರ ಆ ಮಾತನ್ನು ನಂಬಿದಳು. ಮುಂದೆ ಬಹಳ ವರ್ಷ ಓಣಿಯ ಮಕ್ಕಳ ಮುಂದೆ, “ನಾ ದವಾಖಾನ್ಯಾಗ ಎಂಬತ್ತು ತಗೊಂಡೀನಿ” ಎಂದು ಹೇಳಿಕೊಳ್ಳುತ್ತಿದ್ದಳು.

ಗದಗಿನ ಒಂದು ಕೋಣೆಯ ಮನೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕದ ಟ್ರಂಕಿನಲ್ಲಿ ನನಗೆ ಜಾಗ ಸಿಕ್ಕಿತು. ನೀಲವ್ವ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವಳ ಗಂಡ ವಿರೂಪಾಕ್ಷ ಆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಕೆಲಸ, ಅಲ್ಲಿಯೇ ಇನ್ನೊಂದು ಸಂಸಾರ. ಈ ಕಡೆ ತಲೆ ಹಾಕಿದವನಲ್ಲ.

ನಾನು ಹುಟ್ಟಿದ ಮರುವರ್ಷ ಜನವರಿಯಲ್ಲಿ ಅವನು ಬಂದ. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು.

“ಶಶಿದು ಸರ್ಟಿಫಿಕೇಟ್ ಆಗೇತಂತಲ್ಲ? ಆಫೀಸಿನಾಗ ತೋರಿಸ್ಬೇಕು. ಒಂದ್ ಝೆರಾಕ್ಸ್ ಕೊಟ್ಟು ಕಳಿಸು ಸಾಕು.”

ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಝೆರಾಕ್ಸ್ ಯಾರಿಗೂ ಕೊಡೂದಿಲ್ರಿ. ಅಸಲೀನ ಒಯ್ರಿ. ಒಂದು ತಾಸು ಮಗಳ ಮುಂದ ಕುಂತು ಒಯ್ಯಬೇಕು. ತಿರುಗಿ ಕೊಡಾಕೂ ನೀವ ಬರಬೇಕು. ಯಾರ ಕೈಯಾಗೂ ಕಳಿಸಂಗಿಲ್ಲ.”

ಝೆರಾಕ್ಸ್ ಸಾಕೆಂದು ಅವನು ಅಂದುಕೊಂಡಿದ್ದರೂ, ಪ್ರತಿವರ್ಷ ಅಸಲು ಕಾಗದ ನೋಡಿಯೇ ಒಪ್ಪುವುದು ಅವನ ಆಫೀಸಿನ ಪದ್ಧತಿಯಾಗಿತ್ತು. ಹೀಗಾಗಿ ಶಶಿಗೆ ವರ್ಷಕ್ಕೆ ಎರಡು ದಿನ ಅಪ್ಪ ಸಿಕ್ಕ, ಜನವರಿಯಲ್ಲಿ ಒಯ್ಯುವಾಗ ಒಂದು ದಿನ, ಫೆಬ್ರವರಿಯಲ್ಲಿ ಮರಳಿಸುವಾಗ ಇನ್ನೊಂದು ದಿನ.

ಅವನ ಚೀಲದಲ್ಲಿ ಕೂತು ನಾನು ಹುಬ್ಬಳ್ಳಿ ನೋಡಿದೆ. ಆಫೀಸಿನಲ್ಲಿ ಸಂಬಳದ ತೆರಿಗೆ ಲೆಕ್ಕ ಹಾಕುವವರು ಸುಮಂಗಲಾ ಮೇಡಂ. ಅವರು ನನ್ನನ್ನು ತಿರುಗಿಸಿ ನೋಡಿದರು.

“ಮಗಳು ನಿಮ್ಮ ಮ್ಯಾಲೇ ಅವಲಂಬಿತಳಲ್ರಿ?”

“ಹೌದ್ರಿ ಮೇಡಂ. ಮತ್ತ ಇನ್ಯಾರ ಮ್ಯಾಲೆ?”

ನನಗೆ ಬಾಯಿರಲಿಲ್ಲ. ಶಶಿಯ ಔಷಧಿ, ಎಣ್ಣೆ ತಿಕ್ಕುವುದು, ಸ್ನಾನ, ಶಾಲೆಗೆ ಹೊತ್ತೊಯ್ಯುವುದು ಯಾರದೆಂದು ನಾನು ಬಲ್ಲೆ. ಆದರೆ ನೀಲವ್ವನ ದುಡಿಮೆ ತೆರಿಗೆ ಕಟ್ಟುವಷ್ಟಿರಲಿಲ್ಲ. ಕಟ್ಟದವಳಿಗೆ ರಿಯಾಯಿತಿ ಎಲ್ಲಿಂದ ಬರಬೇಕು?

“ದವಾಖಾನಿ ಬಿಲ್ ಕೊಡಬೇಕೇನ್ರಿ?” ಅವನು ಸ್ವಲ್ಪ ಅಂಜಿಯೇ ಕೇಳಿದ.

“ಬ್ಯಾಡ್ರಿ. ನೋಡಿಕೊಳ್ಳಾಕ ಎಷ್ಟ ಖರ್ಚಾಗಿರ್ಲಿ, ಕಡಿತ ಒಂದ. ನಲವತ್ತರ ಮ್ಯಾಲಿದ್ರ ಎಪ್ಪತ್ತೈದು ಸಾವಿರ, ಎಂಬತ್ತು ಮುಟ್ಟಿದ್ರ ಒಂದೂಕಾಲು ಲಕ್ಷ. ಅಷ್ಟು ಆದಾಯಕ್ಕ ನಿಮಗ ತೆರಿಗಿಲ್ಲ.”

“ಹಂಗಾರ ಎಂಬತ್ತಾಗಿದ್ದು ಚಲೋನ ಆತು ಬಿಡ್ರಿ.”

ಮೇಡಂ ತಲೆ ಎತ್ತಿ ಅವನನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ನಕಲಿನ ಮೇಲೆ ಸಹಿ ಮಾಡಿದರು.

ಹೀಗೆ ಒಂಬತ್ತು ಜನವರಿಗಳು ಕಳೆದವು. ಅವನು ಬರುವ ಭಾನುವಾರ ಶಶಿ ಬೆಳಿಗ್ಗೆಯೇ ಎರಡು ಜಡೆ ಹಾಕಿಸಿಕೊಂಡು ಬಾಗಿಲಿಗೆ ಒರಗಿ ಕೂರುತ್ತಿದ್ದಳು. ತಾನು ಬರೆದ ಚಿತ್ರಗಳನ್ನು ವರ್ಷವಿಡೀ ಕೂಡಿಟ್ಟು ಒಂದೊಂದಾಗಿ ತೋರಿಸುತ್ತಿದ್ದಳು. ಅವನು ಗಡಿಯಾರ ನೋಡುತ್ತ “ಹೂಂ, ಚಂದ ಐತಿ” ಎನ್ನುತ್ತಿದ್ದ. ನೀಲವ್ವ ಒಂದೇ ಒಂದು ಸಲ ಗಾಲಿಕುರ್ಚಿ ಕೇಳಿದಳು. ಅವನು “ಮುಂದಿನ ವರ್ಷ ನೋಡೂಣ” ಎಂದ. ನನ್ನಿಂದಾಗಿ ಅವನಿಗೆ ಒಂದೇ ವರ್ಷದಲ್ಲಿ ಉಳಿದ ತೆರಿಗೆಗೆ ಎರಡು ಗಾಲಿಕುರ್ಚಿ ಬರುತ್ತಿದ್ದವು.

ಪಕ್ಕದ ಮನೆಯ ಪದ್ಮಾವತಿ ಟೀಚರ್ ತಾವೇ ತೆರಿಗೆ ಕಟ್ಟುವವರು, ಅವರಿಗೆ ಇದು ತಿಳಿಯಿತು.

“ಏ ನೀಲವ್ವ, ನಿನ್ನ ಮಗಳ ಕಾಲಿನ ಮ್ಯಾಲ ಅಂವ ಟ್ಯಾಕ್ಸ್ ಉಳಿಸಾಕತ್ಯಾನ! ಅಂವಂದ ಅಲ್ಲ ಆ ಹಕ್ಕು. ಕೊಡಬ್ಯಾಡ ಕಾಗದ.”

“ಗೊತ್ತೈತ್ರಿ ಟೀಚರ್,” ಎಂದಳು ನೀಲವ್ವ. “ಕೊಡಲಿಲ್ಲಂದ್ರ ಬರೂದಿಲ್ಲ. ನನಗ ಅಂವ ಬ್ಯಾಡ್ರಿ. ಆಕಿಗೆ ಬೇಕಲ್ಲ.”

ಹತ್ತನೆಯ ಜನವರಿ ಬಂತು. ಮೂರು ಭಾನುವಾರ ಶಶಿಯ ಜಡೆಗಳು ಕಾದವು. ನಾಲ್ಕನೆಯ ಭಾನುವಾರ ನೀಲವ್ವ ಫೋನ್ ಮಾಡಿದಳು. ಕೈಗೆ ಹಿಟ್ಟು ಮೆತ್ತಿದ್ದರಿಂದ ಸ್ಪೀಕರ್ ಹಾಕಿದ್ದಳು. ಅದೊಂದು ತಪ್ಪು ಅವಳಿಂದ ಆಯಿತು.

“ಈ ವರ್ಷದಿಂದ ಬೇಕಾಗಿಲ್ಲ ಅದು,” ಎಂದಿತು ಅವನ ದನಿ. “ಹೊಸ ಪದ್ಧತಿ ತಗೊಂಡೀನಿ. ತೆರಿಗಿ ದರಾನ ಕಡಿಮಿ. ಆದ್ರ ಇಂಥಾ ರಿಯಾಯಿತಿ ಯಾವೂ ಅದರಾಗ ಇಲ್ಲ. ಆ ಕಾಗದಕ್ಕ ಕಿಮ್ಮತ್ತಿಲ್ಲ ಈಗ.”

“ಕಾಗದ ಬಿಡ್ರಿ. ನೀವು ಬರ್ರಿ. ಕೂಸು ಕಾಯಾಕತ್ತೈತಿ.”

“ನೋಡೂಣ. ಕೆಲಸ ಭಾಳ ಐತಿ.”

ನೀಲವ್ವ ಫೋನ್ ಆರಿಸಿ ತಿರುಗಿದಳು. ಶಶಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹದಿನಾಲ್ಕು ವರ್ಷದ ಹುಡುಗಿ. ಎಂಬತ್ತು ಎಂದರೆ ಏನೆಂದು ಅವಳಿಗೆ ಎಂದೋ ತಿಳಿದಿತ್ತು.

“ಅವ್ವಾ, ತೊಂಬತ್ತಾದ್ರ ಬರ್ತಾನೇನು?”

ನೀಲವ್ವ ಹಿಟ್ಟಿನ ಕೈಯಲ್ಲೇ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಜಡೆಯೆಲ್ಲ ಬೆಳ್ಳಗಾಯಿತು.

ಈಗ ನನಗೆ ವಯಸ್ಸಾಗಿದೆ. ಲ್ಯಾಮಿನೇಷನ್ ಅಂಚು ಬಿಟ್ಟಿದೆ, ಸೀಲಿನ ನೇರಳೆ ಬಣ್ಣ ಮಾಸಿದೆ. ಡಾಕ್ಟರು ಬರೆದದ್ದಕ್ಕೆ ಮಾತ್ರ ನಾನು ಸಾಕ್ಷಿ ಹೇಳಬಲ್ಲೆ, ಮಗುವಿನ ಕಾಲುಗಳು ಹೀಗಿವೆ, ಹೀಗೆಯೇ ಇರುತ್ತವೆ. ಯಾರು ಹೊತ್ತರು, ಯಾರು ಹೊರಲಿಲ್ಲ ಎಂದು ಬರೆಯಲು ನನ್ನ ಮೈಮೇಲೆ ಸಾಲೇ ಇಲ್ಲ. ಇದ್ದಿದ್ದರೆ ಒಂಬತ್ತು ವರ್ಷ ನಾನು ಸುಳ್ಳಿನ ಚೀಲದಲ್ಲಿ ಓಡಾಡುತ್ತಿರಲಿಲ್ಲ. ಆ ಸುಳ್ಳು ನಿಂತಿದ್ದಕ್ಕೆ ಸಂತೋಷಪಡಬೇಕಿತ್ತು, ಆಗುತ್ತಿಲ್ಲ.

ತೆರಿಗೆಯ ಕಾನೂನು ಬಜೆಟ್ಟಿನ ದಿನ ಬದಲಾಗುತ್ತದೆ ಎಂದು ಟೀಚರ್ ಯಾವಾಗಲೋ ಹೇಳಿದ್ದರು. ಆ ಫೋನಿನ ವರ್ಷದಿಂದ ಪ್ರತಿ ಫೆಬ್ರವರಿ ಒಂದರಂದು ಶಶಿ ಅವ್ವನ ಮೊಬೈಲ್ ಹಿಡಿದು, ತನಗೆ ಅರ್ಧವೂ ತಿಳಿಯದ ಬಜೆಟ್ ಭಾಷಣವನ್ನು ಕೊನೆಯವರೆಗೆ ಕೇಳುತ್ತಾಳೆ. ಈ ವರ್ಷವೂ ಕೇಳಿದಳು.

“ನಮ್ಮದೇನೂ ಬರಲಿಲ್ಲವ್ವಾ,” ಎಂದಳು.

ಆಮೇಲೆ ನನ್ನನ್ನು ಲಂಗದ ತುದಿಯಿಂದ ಒರೆಸಿ, ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು, ಬೇಕೆಂದಾಗ ಬೇಗ ಕೈಗೆ ಸಿಗಲೆಂದು.